ಒಂದೇ ಡಬ್ಬಿಯ ಮದ್ದು

ನನ್ನ ಕೋವಿ ಗುರಿ ತಪ್ಪತೊಡಗಿದ ಆ ಬೇಸಿಗೆಯಲ್ಲಿ ನಾನು ಮೊದಲು ಅನುಮಾನಪಟ್ಟಿದ್ದು ನನ್ನ ಕಣ್ಣನ್ನು. ಆಮೇಲೆ ಉಸಿರನ್ನು, ಭುಜವನ್ನು, ಬೆಳಿಗ್ಗೆ ಕುಡಿಯುವ ಕಾಫಿಯನ್ನು. ಮನುಷ್ಯರ ಮೇಲೆ ಅನುಮಾನ ಬರಲೇ ಇಲ್ಲ. ಬರಬೇಕಿತ್ತು ಅಂತ ಈಗಲೂ ಅನ್ನಿಸುವುದಿಲ್ಲ. ಬಂದಿದ್ದರೆ ನಾನು ಬೇರೆ ಥರದವಳಾಗಿರುತ್ತಿದ್ದೆ, ಅಷ್ಟೆ.

ಆಗ ನಾವು ಕ್ಯಾಲಿಫೋರ್ನಿಯಾದ ಸನಿವೇಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಡಾಟ್‌ಕಾಮ್ ಉಬ್ಬರದ ಕಾಲ. ನನ್ನ ಗಂಡ ಒಂದು ಸ್ಟಾರ್ಟಪ್ಪು ಸೇರಿಕೊಂಡಿದ್ದ. ಶನಿವಾರ, ಭಾನುವಾರ ಅನ್ನುವ ವಾರಗಳೇ ಅವನ ಕ್ಯಾಲೆಂಡರಿನಿಂದ ಅಳಿಸಿಹೋಗಿದ್ದವು. ನಾನು ಒಂದು ಚಿಪ್ ಕಂಪನಿಯ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಒಂದು ಸಲಕ್ಕೆ ತಯಾರಾಗಿ ಬರುವ ಕಂತಿಗೆ ಲಾಟು ಅನ್ನುತ್ತಾರೆ. ಒಂದೇ ಯಂತ್ರ, ಒಂದೇ ವಿಧಾನ, ಆದರೂ ಈ ವಾರ ಬಂದ ಲಾಟಿನ ಚಿಪ್ಪು ಹೋದ ವಾರದ ಲಾಟಿನಂತೆ ಇರುವುದಿಲ್ಲ. ಆ ವ್ಯತ್ಯಾಸ ಹಿಡಿಯುವುದೇ ನನ್ನ ಕೆಲಸ. ವಾರವಿಡೀ ಅದನ್ನು ಮಾಡಿ, ವೀಕೆಂಡು ಬಂದರೆ ಖಾಲಿ ಮನೆಯಲ್ಲಿ ಬಟ್ಟೆ ಮಡಿಸುತ್ತಾ ಕೂತಿರುತ್ತಿದ್ದೆ.

ಕನ್ನಡ ಸಂಘದ ಪಿಕ್ನಿಕ್ಕು ಸರಟೋಗಾದ ಒಂದು ಪಾರ್ಕಿನಲ್ಲಿತ್ತು. ಚಿತ್ರಾನ್ನದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರು, ಐವತ್ತು ದಾಟಿದ, ಬೆಳಗಾವಿ ಕಡೆಯ ಗಟ್ಟಿಮುಟ್ಟಾದ ಆಸಾಮಿ. ಯಾವ ಊರು ಅಂತ ಕೇಳಿದರು. ಕೊಡಗು ಅಂದೆ. ತಟ್ಟೆ ಹಿಡಿದುಕೊಂಡೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹಂಗಾರ ಕೋವಿ ಹಿಡದಿರಬೇಕಲ್ಲ ನೀವು?"

"ಹಿಡಿದಿದ್ದೀನಿ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಹೊಡೀತಿದ್ವಿ."

"ಬಿತ್ತೇನು?"

"ಒಂದು ಸಲ ಬಿತ್ತು. ನಮ್ಮ ಚಿಕ್ಕಪ್ಪ ಗಾಳಿಗೆ ಬಿತ್ತು ಅಂದ್ರು."

ಅವರು ಸಾಲಿನವರೆಲ್ಲ ತಿರುಗಿ ನೋಡುವ ಹಾಗೆ ನಕ್ಕರು. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಹಿಡಿದ ರೈಫಲಿನ ಹುಚ್ಚು ಇನ್ನೂ ಬಿಟ್ಟಿಲ್ಲ ಅಂದರು. ಪಚೆಕೊ ಘಾಟಿ ದಾಟಿದರೆ ಅತ್ತ ಬಯಲುಸೀಮೆಯಲ್ಲಿ ಒಂದು ಕ್ಲಬ್ಬಿದೆ, ಆರುನೂರು ಗಜದ ಗುರಿಯಿದೆ, ಒಂದು ಭಾನುವಾರ ಬಂದು ನೋಡಿ ಅಂದರು. ನಾನು ಹೋದೆ. ಒಂದು ವರ್ಷದೊಳಗೆ ನನ್ನದೇ ರೈಫಲು ಬಂತು. ಅವರು "ನೀವು" ಬಿಟ್ಟು "ತಂಗಿ" ಅನ್ನತೊಡಗಿದರು. ನಾನು "ಅಣ್ಣಾ" ಅಂದೆ, ಅವರ ಹೆಂಡತಿಯನ್ನು "ವೈನಿ" ಅಂದೆ. ತವರು ದೂರವಿದ್ದವಳಿಗೆ ಆ ಎರಡು ಮಾತು ಎಷ್ಟು ಹಿತವಾಗಿದ್ದವು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ದೂರದ ಗುರಿಗೆ ಹೊಡೆಯುವವರು ಅಂಗಡಿಯ ತೋಟಾ ನಂಬುವುದಿಲ್ಲ. ತಾವೇ ತುಂಬಿಕೊಳ್ಳುತ್ತಾರೆ. ಹಿತ್ತಾಳೆಯ ಕೊಳವೆ, ಅದರ ಬುಡಕ್ಕೆ ಕಿಡಿ ಹೊತ್ತಿಸುವ ಒಂದು ಕೇಪು, ಒಳಗೆ ತೂಗಿ ಹಾಕಿದ ಮದ್ದು, ಬಾಯಿಗೆ ಗುಂಡು. ಪ್ರತಿಯೊಂದು ತೋಟಾದಲ್ಲೂ ಮದ್ದು ಒಂದೇ ತೂಕ ಇರಬೇಕು. ಆಗ ಗುಂಡಿನ ವೇಗ ಒಂದೇ, ಬೀಳುವ ಜಾಗವೂ ಹೆಚ್ಚುಕಡಿಮೆ ಒಂದೇ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮದ್ದು ಇಟ್ಟುಕೊಳ್ಳಲು ಬಿಡುತ್ತಿರಲಿಲ್ಲ. ಅಣ್ಣನ ಮನೆ ಗಿಲ್‌ರಾಯ್‌ನಲ್ಲಿತ್ತು, ದೊಡ್ಡ ಗರಾಜು. ಹಾಗಾಗಿ ಶನಿವಾರ ಬೆಳಿಗ್ಗೆ ಫ್ರೀವೇ ಹಿಡಿದು ದಕ್ಷಿಣಕ್ಕೆ ಹೋಗುತ್ತಿದ್ದೆ. ಬೇಸಿಗೆಯಲ್ಲಿ ಊರು ಹತ್ತಿರವಾದಂತೆ ಬೆಳ್ಳುಳ್ಳಿಯ ವಾಸನೆ ಕಾರಿನ ಒಳಗೇ ಬಂದು ಕೂರುತ್ತಿತ್ತು. ವೈನಿಯ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಗರಾಜಿನವರೆಗೆ ಕೇಳಿಸುತ್ತಿತ್ತು.

ಮೊದಲ ದಿನವೇ ಅಣ್ಣ ನನಗೆ ಕಲಿಸಿದ್ದು ಮದ್ದಿನ ಲಾಟಿನ ವಿಷಯ.

"ಒಂದ ಕಂಪನಿ, ಒಂದ ನಂಬರು, ಡಬ್ಬಿ ಮ್ಯಾಲಿನ ಚಿತ್ರಾನೂ ಒಂದ," ಅಂದರು. "ಆದರ ಲಾಟ್ ಬ್ಯಾರೆ ಆತಂದ್ರ ಮದ್ದ ಬ್ಯಾರೆ ಅಂತ ತಿಳಕೊ. ಹ್ವಾದ ವರ್ಷದ ಜ್ವಾಳ, ಈ ವರ್ಷದ ಜ್ವಾಳ ಒಂದ ಆಗತಾವೇನು? ನಿಮ್ಮ ವೈನೀನ ಕೇಳು. ಹಿಟ್ಟಿಗೆ ಎಷ್ಟು ನೀರು ಬೇಕಂತ ಪ್ರತಿ ಸಲ ಕೈಲೆ ನೋಡತಾಳ."

"ಎಷ್ಟು ವ್ಯತ್ಯಾಸ ಇರುತ್ತೆ ಅಣ್ಣಾ?"

"ಒಮ್ಮೊಮ್ಮೆ ಏನೂ ಇರೂದಿಲ್ಲ. ಒಮ್ಮೊಮ್ಮೆ ಮಾರಿ ಮ್ಯಾಲೆ ಬರತೈತಿ. ಹಳೇ ಲಾಟಿನ ತೂಕ ಹೊಸಾದಕ್ಕ ಹಾಕಬ್ಯಾಡ. ಕಡಿಮಿ ಇಂದ ಸುರು ಮಾಡಿ ಮತ್ತ ಮ್ಯಾಲ ಬರಬೇಕು. ಎರಡು ಲಾಟು ಬೆರಸೂದಂತೂ ಜೀವ ಹ್ವಾದರೂ ಬ್ಯಾಡ. ತಿಳೀತಿಲ್ಲೊ?"

ತಿಳಿಯದೆ ಏನು, ನನ್ನ ಹೊಟ್ಟೆಪಾಡೇ ಅದಾಗಿತ್ತು. ಅದಕ್ಕೇ ನಾವಿಬ್ಬರೂ ಸೇರಿ ವರ್ಷಕ್ಕಾಗುವಷ್ಟು ಒಂದೇ ಲಾಟಿನ ದೊಡ್ಡ ಡಬ್ಬಿ ತಂದೆವು. ಗರಾಜಿನ ಶೆಲ್ಫಿನ ಮೇಲೆ ಅದಕ್ಕೊಂದು ಜಾಗ. ಚಳಿಗಾಲವೆಲ್ಲ ಪ್ರಯತ್ನಿಸಿ ನನ್ನ ರೈಫಲಿಗೆ ಒಗ್ಗುವ ತೂಕ ಕಂಡುಕೊಂಡೆವು. ಅವರ ರೈಫಲಿನ ತೂಕ ಬೇರೆ, ನನ್ನದು ಬೇರೆ, ಮದ್ದು ಮಾತ್ರ ಒಂದು. ಗುಡ್ಡಗಳು ಹಸಿರಾಗಿದ್ದ ಆ ಮಾರ್ಚಿನಲ್ಲಿ ನಾನು ಹೊಡೆದ ಹಾಗೆ ಹಿಂದೆಂದೂ ಹೊಡೆದಿರಲಿಲ್ಲ. ಆರುನೂರು ಗಜದಾಚೆಯ ಕಾಗದದ ಮೇಲೆ ಗುಂಡುಗಳು ಒಂದರ ಪಕ್ಕ ಒಂದು ಹೋಗಿ ಕೂರುತ್ತಿದ್ದವು. ಅಣ್ಣ ದುರ್ಬೀನಿನಿಂದ ನೋಡಿ, "ಏ ತಂಗಿ, ಒಂದ ತೂತಿನ್ಯಾಗ ಎಷ್ಟ ಹಾಕತೀಯವಾ!" ಅನ್ನುತ್ತಿದ್ದರು. ಕ್ಲಬ್ಬಿನವರು ನನ್ನ ಹೆಸರು ತಪ್ಪುತಪ್ಪಾಗಿ ಹೇಳುತ್ತಿದ್ದವರು ಸರಿಯಾಗಿ ಹೇಳಲು ಕಲಿತರು. ಶರತ್ಕಾಲದಲ್ಲಿ ಬೇರೆ ಕ್ಲಬ್ಬುಗಳ ಜೊತೆ ಪಂದ್ಯವಿತ್ತು. ಅದಕ್ಕೆ ನಮ್ಮ ತಂಡದಲ್ಲಿ ಜಾಗ ಸಿಗಬಹುದು ಅಂತ ಜನ ಮಾತಾಡತೊಡಗಿದರು. ಅಣ್ಣನಿಗೂ ಆ ತಂಡದ ಆಸೆ ಬಹಳ ವರ್ಷದಿಂದ ಇತ್ತು. ಇಬ್ಬರೂ ಹೋಗೋಣ ಅಂತ ಅವರೇ ಹೇಳುತ್ತಿದ್ದರು.

ಜುಲೈ ಹೊತ್ತಿಗೆ ನನ್ನ ಗುಂಡುಗಳು ಮೇಲೆ ಹೋಗತೊಡಗಿದವು.

ಬರೀ ಮೇಲೆ ಹೋಗಿದ್ದರೆ ಗುರಿ ನೋಡುವ ಸೈಟು ಇಳಿಸಿಕೊಂಡು ಸುಮ್ಮನಿರುತ್ತಿದ್ದೆ. ಇವು ಚೆದುರಿದವು. ಒಂದು ಮೇಲೆ, ಒಂದು ನಡುವೆ, ಇನ್ನೊಂದು ಕಾಗದದ ಅಂಚಿಗೆ. ಹೊಡೆದ ಮೇಲೆ ಖಾಲಿ ಕೊಳವೆ ಹೊರತೆಗೆಯುವ ಬೋಲ್ಟು ಎತ್ತಲು ಅಂಗೈ ಕೊಟ್ಟು ಗುದ್ದಬೇಕಾಗುತ್ತಿತ್ತು. ಹೊರಗೆ ಬಂದ ಕೊಳವೆಯ ಬುಡದಲ್ಲಿ ಕೇಪು ಚಪ್ಪಟೆಯಾಗಿರುತ್ತಿತ್ತು, ರೊಟ್ಟಿ ತಟ್ಟಿದ ಹಾಗೆ. ಒಳಗಿನ ಒತ್ತಡ ಹೆಚ್ಚಾದರೆ ಹಾಗಾಗುತ್ತದೆ. ಅಣ್ಣನಿಗೆ ತೋರಿಸಿದೆ.

"ಬಿಸಲು ನೋಡವಾ, ಹೆಂಗೈತಿ," ಅಂದರು. "ಬಿಸಲಾಗ ಮದ್ದು ಜ್ವರಾ ಬಂದಂಗ ಮಾಡತೈತಿ."

ಬಿಸಿಲು ನಿಜಕ್ಕೂ ಸುಡುತ್ತಿತ್ತು. ಆದರೆ ಪಕ್ಕದಲ್ಲೇ ಮಲಗಿ ಹೊಡೆಯುತ್ತಿದ್ದ ಅಣ್ಣನ ಗುಂಡುಗಳು ಮಾರ್ಚಿನಲ್ಲಿ ಹೇಗಿದ್ದವೋ ಹಾಗೇ ಇದ್ದವು.

ಮುಂದಿನ ವಾರ ತೋಟಾಗಳನ್ನು ನೆರಳಿನಲ್ಲಿ, ಐಸಿನ ಡಬ್ಬಿಯ ಪಕ್ಕ ಇಟ್ಟುಕೊಂಡು ಹೋದೆ. ಅದೇ ಕತೆ. ಆಗ ನಾನು ಕೇಳಿದೆ. ಕೇಳಿದ್ದು ಚೆನ್ನಾಗಿ ನೆನಪಿದೆ, ಏಕೆಂದರೆ ಕೇಳುವಾಗ ನನಗೇ ನಾಚಿಕೆಯಾಗಿತ್ತು.

"ಅಣ್ಣಾ, ಮದ್ದೇನಾದ್ರೂ ಬೇರೆ ಲಾಟಿನದಾ?"

ಅವರು ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. "ಅದ ಡಬ್ಬಿ ಅಲ್ಲೇನು ತಂಗಿ? ನೀನ ವಾರಾ ವಾರಾ ತಗೀತಿಯಲ್ಲ, ನೋಡೀಯಲ್ಲ," ಅಂದರು.

ಹೌದು, ಅದೇ ಡಬ್ಬಿ. ಅದೇ ಚೀಟಿ, ಮುಚ್ಚಳದ ಮೇಲೆ ಅದೇ ನನ್ನ ಕೈಯ ಗೀರು. ಗುಂಡಿನ ವೇಗ ಅಳೆಯುವ ಅವರ ಯಂತ್ರ ಇಟ್ಟು ಒಮ್ಮೆ ನೋಡೋಣವೇ ಅಂದೆ. ಅದನ್ನು ಕ್ಲಬ್ಬಿನವರು ಯಾರೋ ತಗೊಂಡು ಹೋಗಿದ್ದಾರೆ, ವಾಪಸು ಕೊಟ್ಟಿಲ್ಲ ಅಂದರು. "ಮದ್ದಿಂದಲ್ಲ ಇದು. ನೀ ಟ್ರಿಗರ್ ಎಳಿಯೂ ಮುಂದ ಹೆದರಾಕತ್ತೀ. ಭುಜಾ ಬಿಗಿ ಹಿಡೀತಿ. ನಾ ನೋಡಾಕತ್ತೀನಲ್ಲ."

ಅವರು ನೋಡುತ್ತಿದ್ದುದು ಹೌದು. ಪ್ರತಿ ಭಾನುವಾರ ನನ್ನ ಪಕ್ಕ ಚಾಪೆ ಹಾಕಿ ಕೂತು, ನನ್ನ ಒಂದೊಂದು ಗುಂಡು ಎಲ್ಲಿ ಬಿತ್ತು ಅಂತ ಹೇಳುತ್ತಿದ್ದರು. ನಾನು ಅವರು ಹೇಳಿದ್ದನ್ನೆಲ್ಲ ಮಾಡಿದೆ. ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಕಣ್ಣು ಸರಿಯಿದೆ ಅಂದರೂ ಹೊಸ ಕನ್ನಡಕ ಮಾಡಿಸಿಕೊಂಡೆ. ಕಾಫಿ ಬಿಟ್ಟೆ, ಕೊಡಗಿನವಳು ಕಾಫಿ ಬಿಟ್ಟಳು ಅಂತ ಅಮ್ಮ ಫೋನಿನಲ್ಲಿ ಗಾಬರಿಯಾದರು. ಸಂಜೆ ಆಫೀಸಿನಿಂದ ಬಂದು ಖಾಲಿ ರೈಫಲು ಹಿಡಿದು, ಗೋಡೆಯ ಮೇಲಿನ ಚುಕ್ಕೆಗೆ ಗುರಿಯಿಟ್ಟು, ಉಸಿರು ಬಿಟ್ಟು, ಟ್ರಿಗರು ಎಳೆಯುವುದನ್ನೇ ಮಾಡಿದೆ. ನನ್ನ ದೇಹವನ್ನು ನಾನು ಕೆಟ್ಟುಹೋದ ಮೆಷಿನ್ನಿನ ಹಾಗೆ ಬಿಚ್ಚಿ ಬಿಚ್ಚಿ ನೋಡಿದೆ. ಆಗಸ್ಟಿನ ಕೊನೆಗೆ ನಿಜಕ್ಕೂ ಹೆದರುವವಳಾದೆ. ಟ್ರಿಗರಿಗೆ ಬೆರಳು ಹೋಗುತ್ತಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅಣ್ಣ ಹೇಳಿದ್ದ ದೋಷ ಆಗ ನಿಜವಾಯಿತು.

ತಂಡಕ್ಕೆ ಆರಿಸುವ ದಿನ ಬಯಲಿನಲ್ಲಿ ಒಣಹುಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ಎಲ್ಲರೂ ಸಾಲಾಗಿ ಮಲಗಿದ್ದೆವು. ಮೊದಲ ಕೆಲವು ಗುಂಡು ಹೇಗೋ ಹೋದವು. ಆಮೇಲೊಂದು ಗುಂಡಿಗೆ ಸದ್ದೇ ಬೇರೆಯಾಗಿತ್ತು. ಮುಖಕ್ಕೆ ಯಾರೋ ಬಿಸಿ ಮರಳು ಎರಚಿದ ಹಾಗಾಯಿತು. ಕೇಪು ತೂತಾಗಿ, ಉರಿಯುವ ಗಾಳಿ ಬೋಲ್ಟಿನ ಸಂದಿಯಿಂದ ಹಿಂದಕ್ಕೆ ಹಾರಿ ನನ್ನ ಕನ್ನಡಕಕ್ಕೆ ಬಡಿದಿತ್ತು. ಬಲಗಡೆಯ ಗಾಜು ಮಬ್ಬಾಯಿತು. ಕೆನ್ನೆಯ ಮೇಲೆ ಕರಿ ಚುಕ್ಕೆಗಳು. ಕನ್ನಡಕ ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನುವುದು ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಹೊಳೆದದ್ದು, ಎಲ್ಲರೂ ನನ್ನನ್ನು ನೋಡುತ್ತಿದ್ದಾರೆ ಅನ್ನುವುದು ಮಾತ್ರ. ರೇಂಜಿನ ಮೇಲ್ವಿಚಾರಕ ಬಂದು, ಬಹಳ ಮರ್ಯಾದೆಯಿಂದ, ಇವತ್ತಿಗೆ ರೈಫಲು ಚೀಲಕ್ಕೆ ಹಾಕಿಬಿಡಿ ಅಂದ. ಕೈಯಲ್ಲಿ ತುಂಬಿದ ತೋಟಾ ಅಜಾಗರೂಕತೆಯಿಂದ ತುಂಬಿದ್ದು ಅಂತ ಅವನಿಗನ್ನಿಸಿರಬೇಕು. ಬೇರೆ ಏನು ಅನ್ನಿಸಲು ಸಾಧ್ಯ?

ಅಣ್ಣನಿಗೆ ತಂಡದಲ್ಲಿ ಜಾಗ ಸಿಕ್ಕಿತು. ಪಾರ್ಕಿಂಗಿನಲ್ಲಿ ನನ್ನ ಬೆನ್ನು ತಟ್ಟಿದರು. "ಮುಂದಿನ ವರ್ಷ ಐತೆಲ್ಲ ತಂಗಿ. ಜೀವ ಉಳೀತಲ್ಲ, ಅದ ದೊಡ್ಡದು." ಅವರ ಕಣ್ಣಲ್ಲಿ ನೀರಿತ್ತು. ನನ್ನ ಮೇಲಿನ ಪ್ರೀತಿಗೆ ಅಂದುಕೊಂಡು ನಾನೂ ಅತ್ತೆ.

ಎರಡು ವಾರ ಬಿಟ್ಟು ವೈನಿ ಫೋನು ಮಾಡಿ ಊಟಕ್ಕೆ ಕರೆದರು. ಹೋಗುವ ಮನಸ್ಸಿರಲಿಲ್ಲ. ಕೋವಿಯ ಸಹವಾಸವನ್ನೇ ಬಿಡುತ್ತೇನೆ ಅಂತ ಅಣ್ಣನಿಗೆ ಮುಖಾಮುಖಿ ಹೇಳಿಬಿಡೋಣ ಅಂತ ಹೋದೆ. ಅಣ್ಣ ಹಿತ್ತಲಿನಲ್ಲಿ ನಿಂಬೆಹಣ್ಣು ಕೀಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ಕೂತು ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತಿದ್ದೆ. ವೈನಿ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಕೆನ್ನೆಯ ಕಲೆ ನೋಡಿದರು.

"ಸುಡಗಾಡು ಮದ್ದು," ಅಂದರು. "ಅವತ್ತ ಗರಾಜಿನ ತುಂಬ ಚೆಲ್ಲಿದಾಗ ನಾ ಹೇಳೀನಿ ಇವರಿಗೆ, ಇನ್ನ ಸಾಕ್ರಿ ಇದು ಅಂತ. ಎಲ್ಲಿ ಬೆಂಕಿ ಹತ್ತತೈತೋ ಅಂತ ಆ ದಿನ ನಾ ಒಲೀನ ಹಚ್ಚಲಿಲ್ಲ. ಪಿಜ್ಜಾ ತರಿಸಿ ತಿಂದ್ವಿ."

"ಯಾವತ್ತು ವೈನಿ?"

"ಜೂನದಾಗ. ಹುಲ್ಲು ಕತ್ತರಸೂ ಮಶೀನು ತಗಿಯಾಕ ಹೋಗಿ ನಿಮ್ಮ ದೊಡ್ಡ ಡಬ್ಬಿ ಉರುಳಿಸಿದ್ರು. ಅರ್ಧಾ ನೆಲದ ಪಾಲು. ಪಾಪ, ಮರುದಿನಾನ ಹೋಗಿ ಮತ್ತೊಂದು ತಂದು ತುಂಬಿಸಿದ್ರಲ್ಲ. ನಿನಗ ಹೇಳಿಲ್ಲೇನು?"

ಚಾಕು ಕೆಳಗಿಟ್ಟೆ. "ಉಳಿದ ಅರ್ಧ ಎಲ್ಲಿ ಹೋಯ್ತು ವೈನಿ?"

ವೈನಿಗೆ ಈಗ ಏನೋ ತಪ್ಪಿದೆ ಅಂತ ಗೊತ್ತಾಯಿತು. ಬಾಗಿಲಿನ ಕಡೆ ನೋಡಿದರು. ನಿಂಬೆಹಣ್ಣಿನ ಬುಟ್ಟಿ ಹಿಡಿದು ಅಣ್ಣ ಅಲ್ಲೇ ನಿಂತಿದ್ದರು.

ಇಬ್ಬರೂ ಗರಾಜಿಗೆ ಹೋದೆವು. ಅವರು ಒಂದು ಬೀರುವಿನ ಬಾಗಿಲು ತೆರೆದರು. ಒಳಗೆ ಚಿಕ್ಕ ಡಬ್ಬಿಯಲ್ಲಿ, ಅಂಗಡಿಯಿಂದ ನಾವಿಬ್ಬರೂ ಸೇರಿ ಹೊತ್ತು ತಂದಿದ್ದ ಹಳೇ ಲಾಟಿನಲ್ಲಿ ಚೆಲ್ಲದೆ ಉಳಿದ ಮದ್ದು. ಅದರ ಪಕ್ಕದಲ್ಲೇ ಕ್ಲಬ್ಬಿನವರು ತಗೊಂಡು ಹೋಗಿದ್ದಾರೆ ಅಂದಿದ್ದ ಯಂತ್ರ, ಅದರ ಚೀಲದಲ್ಲಿ, ಜಿಪ್ಪು ಹಾಕಿದ ಹಾಗೇ ಇತ್ತು.

ನಾನು ಶೆಲ್ಫಿನ ಮೇಲಿನ ದೊಡ್ಡ ಡಬ್ಬಿ ಇಳಿಸಿದೆ. ಅದರಿಂದ ಒಂದು ಚಿಟಿಕೆ, ಇದರಿಂದ ಒಂದು ಚಿಟಿಕೆ, ಬಿಳಿ ಕಾಗದದ ಮೇಲೆ ಅಕ್ಕಪಕ್ಕ ಸುರಿದು ನೋಡಿದೆ. ಎರಡೂ ಒಂದೇ ಥರ ಕಂಡವು. ನೋಡಿ ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

"ನನ್ನ ರೈಫಲಿಗೆ ಹಳೇದು ಹೊಂದಿತ್ತು," ಅಂದರು ಅಣ್ಣ. "ಆರಿಸೂ ದಿನ ಹತ್ರ ಬಂದಿತ್ತು. ಮತ್ತ ಮೊದಲಿಂದ ಸುರು ಮಾಡಾಕ ಟೈಮ್ ಇರಲಿಲ್ಲ."

"ನನ್ನದೂ ಅದೇ ದಿನ ಅಲ್ವಾ ಅಣ್ಣಾ?"

"ಒಂದ ಕಂಪನಿ, ಒಂದ ನಂಬರು. ಏನ ಫರಕ್ ಬೀಳತೈತಿ ಅಂದಕೊಂಡೆ."

ಆ ಮಾತು ಆಡಿದ ಮೇಲೆ ಅವರಿಗೇ ಕೇಳಿಸಿರಬೇಕು. ಬುಟ್ಟಿಯಲ್ಲಿದ್ದ ನಿಂಬೆಹಣ್ಣುಗಳನ್ನು ಸುಮ್ಮನೆ ಅತ್ತಿತ್ತ ಸರಿಸಿದರು.

"ಬಿದ್ದ ದಿನ ಒಂದು ಮಾತು ಹೇಳಿದ್ರೆ ಆಗ್ತಿತ್ತು. ಉಳಿದದ್ದು ನೀವೇ ಇಟ್ಕೊಳ್ಳಿ ಅಂತಿದ್ದೆ. ನಾನು ಹೊಸದಕ್ಕೆ ತೂಕ ನೋಡ್ಕೋತಿದ್ದೆ. ಲಾಟು ಬೇರೇನಾ ಅಂತ ನಾನು ಕೇಳಿದೆ. ನೀವೇನು ಹೇಳಿದ್ರಿ?"

"ಸುಳ್ಳ ಹೇಳಲಿಲ್ಲ. ಡಬ್ಬಿ ಅದ ಇತ್ತು."

ಇಷ್ಟು ಹೊತ್ತು ನನಗೆ ಸಿಟ್ಟು ಬಂದಿರಲಿಲ್ಲ, ಅರ್ಥವಾಗದ ಮಂಕು ಕವಿದಿತ್ತು. ಆ ಉತ್ತರಕ್ಕೆ ಮಂಕು ಹರಿಯಿತು. ಯೋಚಿಸಿ ಆರಿಸಿದ ಮಾತು ಅದು. ದುರ್ಬೀನಿಗೆ ಕಣ್ಣು ಹಚ್ಚಿಕೊಂಡೇ, ಸುಳ್ಳಾಗದ ಹಾಗೆ ಸುಳ್ಳು ಹೇಳಿದ್ದರು.

"ಕೇಪು ಚಪ್ಪಟೆಯಾಗಿದ್ದು ನೀವು ನೋಡಿದ್ರಿ. ಬೋಲ್ಟು ಗುದ್ದೋದು ನೋಡಿದ್ರಿ. ಯಾಕೆ ಅಂತ ಆ ಜಾಗದಲ್ಲಿ ಗೊತ್ತಿದ್ದಿದ್ದು ನಿಮಗೊಬ್ಬರಿಗೇ. ನೋಡ್ತಾ ಕೂತು ನನಗೆ ಉಸಿರಾಡೋದು ಕಲಿಸಿದ್ರಿ."

"ಇಷ್ಟಾಗತೈತಿ ಅಂತ ಗೊತ್ತಿರಲಿಲ್ಲ ತಂಗಿ. ವಾರಾ ವಾರಾ ಹೇಳಬೇಕಂತಿದ್ದೆ. ಮೊದಲನೇ ವಾರ ಹೇಳಲಿಲ್ಲ, ಮುಂದ ಹೇಳೂದು ಭಾರಾತು."

ಅದೂ ನಿಜವೇ ಇರಬಹುದು. ಜನ ಕೆಟ್ಟವರಾಗುವುದು ಬಹುಶಃ ಹಾಗೇ, ಒಂದು ವಾರ ಬಿಟ್ಟು ಇನ್ನೊಂದು ವಾರ. ಆದರೆ ಆ ಹೊತ್ತಿಗೆ ನನಗೆ ಅವರ ಕಷ್ಟ ಅರ್ಥಮಾಡಿಕೊಳ್ಳುವ ಮನಸ್ಸಿರಲಿಲ್ಲ. ನನ್ನ ತಕ್ಕಡಿ, ತೋಟಾ ತುಂಬುವ ಅಚ್ಚುಗಳು, ಹಿತ್ತಾಳೆ ಕೊಳವೆಗಳು ಎಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿಕೊಂಡೆ. ಅವರು ಎತ್ತಲು ಕೈ ಹಾಕಿದರು, ನಾನು ಬೇಡ ಅಂದೆ. ವೈನಿ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಉಂಡ ಹೋಗವಾ, ಒಂದ ತುತ್ತು," ಅನ್ನುತ್ತಲೇ ಇದ್ದರು. ಉಣ್ಣಲಿಲ್ಲ.

ಆ ಸಂಜೆ ಗಂಡನಿಗೆ ಹೇಳಿದೆ. ಅವನು ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ಇನ್ನೊಂದು ಡಬ್ಬ ತಂದ್ರಾಯ್ತಲ್ಲ?" ಅಂದ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಲ್ಯಾಪ್‌ಟಾಪು ಮುಚ್ಚಿದ. ಆಮೇಲೆ ನಾನು ಬಿಟ್ಟಿದ್ದ ಕಾಫಿ ಮಾಡಿಕೊಂಡು ಬಂದ.

ತುಂಬಿಟ್ಟಿದ್ದ ತೋಟಾಗಳು ಉಳಿದಿದ್ದವು. ಅವನ್ನು ಹೊಡೆಯುವ ಹಾಗಿಲ್ಲ, ಕಸಕ್ಕೆ ಹಾಕುವ ಹಾಗೂ ಇಲ್ಲ. ಗುಂಡು ಕೀಳಲು ಸುತ್ತಿಗೆಯಂಥದೊಂದು ಸಾಧನ ಬರುತ್ತದೆ. ತೋಟಾ ಅದರೊಳಗಿಟ್ಟು ನೆಲಕ್ಕೆ ಬಡಿದರೆ ಗುಂಡು, ಮದ್ದು ಬೇರೆಯಾಗುತ್ತವೆ. ಬಾಲ್ಕನಿಯಲ್ಲಿ ಕೂತು ಒಂದೊಂದಾಗಿ ಬಡಿದೆ. ಕೆಳಗಿನ ಮನೆಯ ಮುದುಕಿ ಬಂದು, ಏನು ಕಟ್ಟುತ್ತಿದ್ದೀರಿ ಅಂತ ಕೇಳಿದಳು. ಕಟ್ಟುತ್ತಿಲ್ಲ, ಬಿಚ್ಚುತ್ತಿದ್ದೇನೆ ಅಂದೆ. ಮದ್ದನ್ನು ಹೂಕುಂಡಗಳ ಮಣ್ಣಿಗೆ ಸ್ವಲ್ಪ ಸ್ವಲ್ಪ ಬೆರೆಸಿ ನೀರು ಹಾಕಿದೆ. ಗೊಬ್ಬರವಾಗುತ್ತದೆ ಅಂತ ಕ್ಲಬ್ಬಿನಲ್ಲಿ ಯಾರೋ ಹೇಳಿದ್ದರು.

ಕೋವಿ ಬಿಡಲಿಲ್ಲ. ಹೊಸ ಡಬ್ಬಿ ತಂದೆ. ಕ್ಲಬ್ಬಿನಲ್ಲಿ ಸದಸ್ಯರಿಗೆ ಬೀಗವಿರುವ ಶೆಡ್ಡೊಂದಿತ್ತು, ಅಲ್ಲಿ ಜಾಗ ಕೇಳಿಕೊಂಡೆ. ಕಡಿಮೆಯಿಂದ ಶುರುಮಾಡಿ, ಒಂದೊಂದೇ ಮೆಟ್ಟಿಲು ಮೇಲೆ ಬಂದು, ವೇಗ ಅಳೆದು, ಗುರಿ ನೋಡಿ, ಅಲ್ಲಿನ ಚಳಿಗಾಲದ ಮಳೆ ಮುಗಿಯುವ ಹೊತ್ತಿಗೆ ರೈಫಲು ಮತ್ತೆ ಮೊದಲಿನ ಹಾಗೆ ಹೊಡೆಯತೊಡಗಿತು. ರೈಫಲು ಬೇಗ ಸರಿಹೋಯಿತು. ನಾನು ಸರಿಹೋಗಲಿಲ್ಲ. ಟ್ರಿಗರು ಎಳೆಯುವ ಮುಂಚೆ ಕಣ್ಣು ಮುಚ್ಚಿಕೊಳ್ಳುವ ಆ ಚಾಳಿ ವರ್ಷಗಟ್ಟಲೆ ನನ್ನ ಜೊತೆಗಿತ್ತು. ಪಕ್ಕದಲ್ಲಿ ಯಾರಾದರೂ ಕೂತು ಸಲಹೆ ಕೊಡಲು ಬಂದರೆ ಎದ್ದುಬಿಡುತ್ತಿದ್ದೆ. ಒಳ್ಳೆಯ ಜನ, ಒಳ್ಳೆಯ ಸಲಹೆ. ಕೇಳಲು ಆಗುತ್ತಿರಲಿಲ್ಲ.

ಅಣ್ಣನ ವಿಷಯ ಕ್ಲಬ್ಬಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿ ಸಾಧಿಸುವುದೇನು? ಅವರೇ ತಂಡದಿಂದ ಹಿಂದೆ ಸರಿದರು ಅಂತ ಆಮೇಲೆ ಕೇಳಿಪಟ್ಟೆ. ಬೆನ್ನು ನೋವು ಅಂತ ಹೇಳಿದ್ದರಂತೆ. ನನಗೆ ಅದರಿಂದ ಸಮಾಧಾನವಾಗಲಿಲ್ಲ. ನನ್ನ ಜಾಗ ನನಗೆ ಬರಲಿಲ್ಲ, ಇನ್ಯಾರಿಗೋ ಹೋಯಿತು. ಆ ಚಳಿಗಾಲ ನನ್ನ ಗಂಡನ ಸ್ಟಾರ್ಟಪ್ಪೂ ಮುಚ್ಚಿತು. ಶುಕ್ರವಾರ ಎಲ್ಲ ಚೆನ್ನಾಗಿದೆ ಅಂತ ಮೀಟಿಂಗಿನಲ್ಲಿ ಹೇಳಿದ ಬಾಸು ಸೋಮವಾರ ಬಾಗಿಲಿಗೆ ಬೀಗ ಹಾಕಿಸಿದ್ದ. ಗಂಡ ಮನೆಗೆ ಬಂದು ಸೋಫಾದ ಮೇಲೆ ಕೂತ. ಆವತ್ತು ಕಾಫಿ ಮಾಡುವ ಸರದಿ ನನ್ನದಾಗಿತ್ತು.

ವೈನಿ ಒಂದು ದಿನ ಆಫೀಸಿಗೆ ಫೋನು ಮಾಡಿದರು. ಅಣ್ಣ ಮನೆಯಲ್ಲಿಲ್ಲದ ಹೊತ್ತು ನೋಡಿ ಮಾಡಿರಬೇಕು, ದನಿ ಸಣ್ಣಗಿತ್ತು.

"ನಾ ಬಾಯಿ ಬಿಡಬಾರದಿತ್ತು ನೋಡು," ಅಂದರು.

"ನೀವೇನು ತಪ್ಪು ಮಾಡಿದ್ರಿ ವೈನಿ? ನೀವು ಹೇಳದೇ ಇದ್ದಿದ್ರೆ ನಾನು ಅದನ್ನೇ ಇನ್ನೂ ಹೊಡೀತಾ ಇರ್ತಿದ್ದೆ."

"ಅದಲ್ಲವಾ. ಇವರು ನನ್ನ ಕೂಡ ಮೊದಲಿನಂಗ ಮಾತಾಡೂದಿಲ್ಲ. ನಾ ಬೇಕಂತ ಹೇಳೀನಿ ಅಂತಾರ." "ನೀ ಬರ್ತಿದ್ದಿ ಶನಿವಾರ. ರೊಟ್ಟಿ ಮಾಡಾಕ ಒಂದು ಹುರುಪಿತ್ತು."

ನನ್ನ ಮನೆಗೆ ನೀವೊಬ್ಬರೇ ಬನ್ನಿ, ನಾನೇ ಬಂದು ಕರಕೊಂಡು ಹೋಗುತ್ತೇನೆ ಅಂದೆ. ವೈನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. "ಆತು, ನೋಡೂನು," ಅಂದರು.

ಬರಲಿಲ್ಲ. ನಾನು ಮತ್ತೆರಡು ಸಲ ಫೋನು ಮಾಡಿದಾಗ ಎತ್ತಿದ್ದು ಅಣ್ಣ. ಮಾತಾಡದೆ ಇಟ್ಟುಬಿಟ್ಟೆ.